ಹೈದರಾಬಾದಿನಿಂದ ಬೆಂಗಳೂರು ಎಷ್ಟು ದೂರ?

ಹೈದರಾಬಾದಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮಾತು ಒಂದಲ್ಲ ಒಂದು ಹಂತದಲ್ಲಿ ಊರಿನ ದಾರಿಗೆ ಬಂದು ನಿಲ್ಲುತ್ತದೆ. ರಾತ್ರಿ ಸ್ಲೀಪರ್ ಬಸ್ಸು ಮೇಲೋ, ಕಾಚಿಗುಡದ ರೈಲು ಮೇಲೋ, ಇಲ್ಲಾ ವಿಮಾನವೋ? ವಿಮಾನದ ಪರ ಇರುವವರು ‘ಒಂದೂಕಾಲು ಗಂಟೆ, ಕಣ್ಮುಚ್ಚಿ ತೆಗೆಯುವುದರೊಳಗೆ ಬೆಂಗಳೂರು’ ಅನ್ನುತ್ತಾರೆ. ರೈಲಿನ ಪರ ಇರುವವರು ‘ಮನೆಯಿಂದ ಮನೆಗೆ ಲೆಕ್ಕ ಹಾಕಿ, ಆಮೇಲೆ ಮಾತಾಡಿ’ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಬ್ಬರೂ ಅಳೆಯುತ್ತಿರುವುದು ಬೇರೆ ಬೇರೆ ದೂರವನ್ನು, ಅಷ್ಟೇ.

ಶಂಷಾಬಾದಿನ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 455 ಕಿ.ಮೀ. ರಸ್ತೆಯಲ್ಲಿ ಹೋದರೆ 570ರ ಆಸುಪಾಸು, ಕಾಚಿಗುಡದಿಂದ ಯಶವಂತಪುರಕ್ಕೆ ರೈಲಿನಲ್ಲಿ ಸುಮಾರು 610. ಇವು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದಾದ ಅಂಕಿಗಳು. ಆದರೆ ಈ ಅಂಕಿಗಳಿಗೂ ಒಂದು ಚರಿತ್ರೆಯಿದೆ. ಭೂಮಿ ಅಲ್ಲಾಡದಿದ್ದರೂ ಎರಡು ಊರುಗಳ ನಡುವಿನ ದೂರ ಕಳೆದ ತೊಂಬತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಬದಲಾಯಿಸಿದ್ದು ವಿಮಾನಗಳ ವೇಗ ಮಾತ್ರವಲ್ಲ. ರಾಜರು, ಯುದ್ಧಗಳು, ರಾಜ್ಯಗಳ ಗಡಿ, ಕೊನೆಗೆ ಒಂದು ಗುತ್ತಿಗೆ ಪತ್ರ ಕೂಡ ಬದಲಾಯಿಸಿವೆ. ನಾನು ಬೀದರ್ ಕಡೆಯವನು. ಹಾಗಾಗಿ ಈ ಕತೆ ನನಗೆ ಬರೀ ವಿಮಾನದ ಕತೆಯಾಗಿ ಉಳಿದಿಲ್ಲ.

ಕತೆ ಶುರುವಾಗುವುದು ಹೈದರಾಬಾದಿನಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ. ಬಳ್ಳಾರಿಯಲ್ಲಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಒಂದು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಅಂಚೆ ಚೀಲ ಹೊತ್ತು ಅಹಮದಾಬಾದಿನ ಮೇಲೆ ಮುಂಬಯಿಯ ಜುಹೂಗೆ ಬಂದಿಳಿದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿಂದ ಮುಂದಿನ ಅಂಚೆಯನ್ನು ಹೊತ್ತು ಮದ್ರಾಸಿನ ಕಡೆ ಹಾರಿದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ವಿನ್ಸೆಂಟ್ ಅವತ್ತು ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಮರುದಿನ ಮದ್ರಾಸು ಸೇರಿದರು. ಹೀಗೆ ಭಾರತೀಯರು ಕಟ್ಟಿದ ವಿಮಾನ ಸಂಸ್ಥೆಯ ಮೊದಲ ಪಯಣದಲ್ಲೇ ಒಂದು ಕನ್ನಡದ ಊರು ಸೇರಿಕೊಂಡಿತು.

ಬಳ್ಳಾರಿಯೇ ಯಾಕೆ ಎಂಬುದು ದೂರದ ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. ಪಸ್ ಮಾತ್ ಗಂಟೆಗೆ ಹಾರುತ್ತಿದ್ದದ್ದು ಸುಮಾರು 160 ಕಿ.ಮೀ. ಜುಹೂದಿಂದ ಬಳ್ಳಾರಿ ನೇರ ಗೆರೆಯಲ್ಲಿ 600 ಕಿ.ಮೀ.ಗಿಂತ ತುಸು ಹೆಚ್ಚು, ಎಂದರೆ ನಾಲ್ಕು ಗಂಟೆಯ ದಾರಿ. ರಾತ್ರಿ ಇಳಿಯಲು ದೀಪಗಳ ವ್ಯವಸ್ಥೆಯಿಲ್ಲದ, ರೇಡಿಯೊ ಸಹಾಯವೂ ಇಲ್ಲದ ಕಾಲ. ಮಧ್ಯಾಹ್ನ ಜುಹೂ ಬಿಟ್ಟ ವಿಮಾನ ಕತ್ತಲಾಗುವ ಮುನ್ನ ಎಲ್ಲಿ ಮುಟ್ಟಬಲ್ಲದೋ ಅಲ್ಲೇ ತಂಗಬೇಕು. ಅಂದಿನ ವಿಮಾನಯಾನಕ್ಕೆ ದೂರವೆಂದರೆ ಹಗಲು ಎಷ್ಟು ಹೊತ್ತು ಉಳಿದಿದೆ ಎಂಬ ಪ್ರಶ್ನೆ. ಆ ಲೆಕ್ಕದಲ್ಲಿ ಬಳ್ಳಾರಿ ಸರಿಯಾದ ಜಾಗದಲ್ಲಿತ್ತು.

ಕೆಲವೇ ವರ್ಷಗಳಲ್ಲಿ ಆ ಅಂಚೆ ದಾರಿ ಬಳ್ಳಾರಿಯನ್ನು ಬಿಟ್ಟು ಹೈದರಾಬಾದಿನ ಮೇಲೆ ಹಾಯಿತು. ಹೈದರಾಬಾದು ದೇಶದ ಅತಿ ದೊಡ್ಡ ಸಂಸ್ಥಾನದ ರಾಜಧಾನಿ. ಅಲ್ಲಿ ಹಣವಿತ್ತು, ಆಸಕ್ತಿಯಿತ್ತು. ಬೇಗಂಪೇಟೆಯ ವಿಮಾನ ನಿಲ್ದಾಣ ನಿಜಾಮರ ಸರ್ಕಾರದ ಕಾಲದಲ್ಲಿ, 1930ರ ದಶಕದಲ್ಲಿ ರೂಪುಗೊಂಡಿತು. ಮೊದಲು ಅದು ವಿಮಾನ ಹಾರಿಸುವ ಹವ್ಯಾಸಿಗಳ ಏರೋ ಕ್ಲಬ್ಬಿನ ಅಂಗಳ. ಆಮೇಲೆ ಅಂಚೆ ಮತ್ತು ಪ್ರಯಾಣಿಕರ ನಿಲ್ದಾಣ.

ನಿಜಾಮರ ಸಾರಿಗೆ ವ್ಯವಸ್ಥೆಯಲ್ಲಿ ಇಂದಿಗೂ ಅಚ್ಚರಿ ಹುಟ್ಟಿಸುವ ಒಂದು ಸಂಗತಿಯಿದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದಿತ್ತು. ನಮ್ಮ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ ಅಂದು ಹೈದರಾಬಾದಿಗೆ ಹೊರಜಗತ್ತಿನ ಬಾಗಿಲು. 1930ರಲ್ಲಿ ಕಂಪನಿಯ ಕೈಯಿಂದ ರೈಲ್ವೆಯನ್ನು ಸರ್ಕಾರ ತಾನೇ ವಹಿಸಿಕೊಂಡಿತು. 1932ರಲ್ಲಿ ಅದೇ ರೈಲ್ವೆಯ ಒಂದು ಶಾಖೆಯಾಗಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭವಾಯಿತು. ನಾವು ಹತ್ತುವ ಟಿ.ಜಿ.ಎಸ್.ಆರ್.ಟಿ.ಸಿ. ಬಸ್ಸಿನ ಮೂಲ ಅಲ್ಲಿದೆ. 1945ರಲ್ಲಿ ಅದೇ ನಿಜಾಮ್ ಸ್ಟೇಟ್ ರೈಲ್ವೆ ಹೆಚ್ಚಿನ ಪಾಲು ಹಾಕಿ, ಟಾಟಾ ಕಂಪನಿಯ ಜೊತೆಗೂಡಿ ಡೆಕ್ಕನ್ ಏರ್‌ವೇಸ್ ಎಂಬ ವಿಮಾನ ಸಂಸ್ಥೆಯನ್ನು ಹುಟ್ಟುಹಾಕಿತು. ರೈಲು, ಬಸ್ಸು, ವಿಮಾನ ಮೂರೂ ಒಂದೇ ಮನೆಯ ಮಕ್ಕಳು.

ಡೆಕ್ಕನ್ ಏರ್‌ವೇಸಿನ ಡಕೋಟಾ ವಿಮಾನಗಳು ಬೇಗಂಪೇಟೆಯಿಂದ ಬೆಂಗಳೂರು, ಮದ್ರಾಸು, ದೆಹಲಿಯ ದಿಕ್ಕಿಗೆ ಹಾರಿದವು. ಬೆಂಗಳೂರಿನಲ್ಲಿ ಅಷ್ಟು ಹೊತ್ತಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬಂದಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನೊಂದಿಗೆ 1940ರಲ್ಲಿ ಕಟ್ಟಿದ್ದು ಅದು. ಬೇಗಂಪೇಟೆಯಿಂದ ಎಚ್.ಎ.ಎಲ್. ನಿಲ್ದಾಣಕ್ಕೆ ನೇರ ದೂರ ಸುಮಾರು 505 ಕಿ.ಮೀ. ಗಂಟೆಗೆ 250ರಿಂದ 270 ಕಿ.ಮೀ. ಹಾರುವ ಡಕೋಟಾಕ್ಕೆ ಹೆಚ್ಚು ಕಡಿಮೆ ಎರಡು ಗಂಟೆಯ ದಾರಿ. ಈ ಎರಡು ಗಂಟೆ ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1947ರ ಆಗಸ್ಟ್ ಬಂದಾಗ ಹೈದರಾಬಾದು ಭಾರತಕ್ಕೆ ಸೇರಲಿಲ್ಲ. ಸುತ್ತ ನಾಲ್ಕೂ ಕಡೆ ಭಾರತ. ಸ್ವಂತ ಸಮುದ್ರ ತೀರವಿಲ್ಲ, ಬಂದರಿಲ್ಲ. ಅಂಥ ರಾಜ್ಯಕ್ಕೆ ಯಾರ ಕಣ್ಣಿಗೂ ಬೀಳದೆ ಹೊರಗಿನಿಂದ ಏನಾದರೂ ಬರಬೇಕೆಂದರೆ ಉಳಿದ ದಾರಿ ಆಕಾಶ ಒಂದೇ. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ಶಸ್ತ್ರಾಸ್ತ್ರ ತಂದು ನಿಜಾಮರ ಸರ್ಕಾರಕ್ಕೆ ಇಳಿಸಿದ. ಆ ವಿಮಾನಗಳು ರಾತ್ರಿ ಹಾರಿ ಬಂದು ಇಳಿಯುತ್ತಿದ್ದ ಜಾಗಗಳಲ್ಲಿ ಎರಡು ಮುಖ್ಯ: ಒಂದು ವಾರಂಗಲ್, ಇನ್ನೊಂದು ನಮ್ಮ ಬೀದರ್.

ಕರಾಚಿಯಿಂದ ಬೀದರ್‌ಗೆ ನೇರ ಗೆರೆಯಲ್ಲಿ 1,300 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಯುದ್ಧಕಾಲದ ಬಾಂಬರ್ ವಿಮಾನದಿಂದ ಮಾರ್ಪಡಿಸಿದ ಲ್ಯಾಂಕಾಸ್ಟ್ರಿಯನ್‌ಗೆ ನಾಲ್ಕು ಗಂಟೆಯ ಆಸುಪಾಸಿನ ಪಯಣ. ಅದೇ ಕಾಲದಲ್ಲಿ ಬೀದರ್ ಜಿಲ್ಲೆಯ ಹಳ್ಳಿಯ ರೈತನೊಬ್ಬ ಎತ್ತಿನ ಗಾಡಿ ಕಟ್ಟಿಕೊಂಡು ಜಿಲ್ಲಾ ಕೇಂದ್ರದ ಸಂತೆಗೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಬೀದರ್ ಊರಿನ ಜನರಿಗೆ ವಿಮಾನವೆಂದರೆ ಮೊದಲು ಪರಿಚಯವಾದದ್ದು ಹತ್ತುವ ವಾಹನವಾಗಿ ಅಲ್ಲ, ರಾತ್ರಿ ತಲೆಯ ಮೇಲೆ ಕೇಳುವ ಸದ್ದಾಗಿ. ರಜಾಕಾರರ ಹಾವಳಿಯ ಆ ದಿನಗಳಲ್ಲಿ ಆ ಸದ್ದಿನ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು, 18ರಂದು ಹೈದರಾಬಾದಿನ ಸೇನೆ ಶರಣಾಯಿತು. ಆ ಬಳಿಕ ಬೀದರ್‌ನ ನಿಲ್ದಾಣ ಭಾರತೀಯ ವಾಯುಪಡೆಯದಾಯಿತು. ಪೈಲಟ್‌ಗಳ ತರಬೇತಿಗೆ ಹೆಸರಾಯಿತು. 1996ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡದ ಮನೆಯೂ ಅದೇ. ವಿಮಾನಗಳು ನಮ್ಮ ಜಿಲ್ಲೆಯ ಆಕಾಶದಲ್ಲಿ ದಿನವೂ ಚಿತ್ತಾರ ಬಿಡಿಸಿದವು. ಆದರೆ ಊರಿನವರು ಹತ್ತುವ ವಿಮಾನ ಮಾತ್ರ ಬರಲಿಲ್ಲ.

1953ರ ಆಗಸ್ಟ್ 1ರಂದು ಡೆಕ್ಕನ್ ಏರ್‌ವೇಸ್ ಸೇರಿ ಎಂಟು ಖಾಸಗಿ ಸಂಸ್ಥೆಗಳು ಕೂಡಿ ಇಂಡಿಯನ್ ಏರ್‌ಲೈನ್ಸ್ ಆಯಿತು. ವಿಮಾನಗಳು ಅವೇ, ದಾರಿಗಳು ಅವೇ, ಹೆಸರು ಬೇರೆ. ಹೈದರಾಬಾದು–ಬೆಂಗಳೂರು ದೂರ ನಕ್ಷೆಯ ಮೇಲೆ ಹಾಗೇ ಉಳಿಯಿತು. ಆ ದೂರದ ಅರ್ಥವನ್ನು ಬುಡಮೇಲು ಮಾಡಿದ್ದು ವಿಮಾನವಲ್ಲ, 1956ರ ನವೆಂಬರ್ 1.

ಅಂದು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳಾದ ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಹಳೆಯ ಬೀದರ್ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗಾ ಮರಾಠಿಯ ಕಡೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಹೈದರಾಬಾದಿನಿಂದ ಬೀದರ್‌ಗೆ ಹೋಗುವಾಗ ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯಲು ಇಳಿದರೆ ಇಂದಿಗೂ ಕನ್ನಡ ಕಿವಿಗೆ ಬೀಳುವುದು ಇದೇ ಕಾರಣಕ್ಕೆ.

ಕನ್ನಡಿಗರು ಒಂದಾಗಬೇಕೆಂಬುದು ದೊಡ್ಡ ಆಸೆಯಾಗಿತ್ತು, ಅದು ಕೈಗೂಡಿತು. ನಮ್ಮ ಕಡೆಯವರು ಅದನ್ನು ಸಂತೋಷದಿಂದಲೇ ಸ್ವಾಗತಿಸಿದರು. ಆದರೆ ಆ ಒಂದು ದಿನದಲ್ಲಿ ಬೀದರ್‌ನವರ ರಾಜಧಾನಿ 140 ಕಿ.ಮೀ. ಆಚೆಯಿಂದ ಸುಮಾರು 700 ಕಿ.ಮೀ. ಆಚೆಗೆ ಸರಿಯಿತು. ನಮ್ಮ ಮುತ್ಯಾ ಹೇಳುತ್ತಿದ್ದ ಮಾತು: ‘ಹೈದ್ರಾಬಾದ ನಮ್ಮ ಅಂಗಳದಾಗ ಅದ, ಬೆಂಗಳೂರು ನಮ್ಮದೇ ಅದ, ಆದ್ರ ಎಲ್ಲಿ ಅದ ಅಂತ ಗೊತ್ತಿಲ್ಲ.’ ಹೊಲದ ತಂಟೆ ಹೈಕೋರ್ಟಿಗೆ ಹೋದರೆ ಮೊದಲು ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಮನೆಗೆ ಬರಬಹುದಿತ್ತು. ಈಗ ಎರಡು ರಾತ್ರಿ, ಎರಡು ಹಗಲು, ವಕೀಲರ ಫೀಜಿನ ಜೊತೆಗೆ ಲಾಡ್ಜಿನ ಬಾಡಿಗೆ. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಪೀಠ ಬರುವವರೆಗೆ ಐವತ್ತೆರಡು ವರ್ಷ ಇದು ನಡೆಯಿತು. ಸರ್ಕಾರದ ಕಾಗದಕ್ಕೆ ಬೆಂಗಳೂರು, ಆಸ್ಪತ್ರೆಗೆ, ಓದಿಗೆ, ಮದುವೆಯ ಜವಳಿಗೆ ಹೈದರಾಬಾದು. ಎರಡು ಊರುಗಳ ನಡುವೆ ಹಂಚಿಹೋದ ಈ ಬದುಕಿನಲ್ಲೇ ನಮ್ಮ ಎರಡು ಮೂರು ತಲೆಮಾರು ಬೆಳೆದವು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಹೈದರಾಬಾದಿನಲ್ಲಿ ಇನ್ನೂ ಕನ್ನಡದ ದೀಪ ಹಿಡಿದುಕೊಂಡಿದ್ದರೆ ಅದರ ಹಿಂದೆ ಈ ಹಳೆಯ ಸಾಮೀಪ್ಯವಿದೆ.

ಇನ್ನು ಆ ಎರಡು ಗಂಟೆಯ ಲೆಕ್ಕಕ್ಕೆ ಬರುತ್ತೇನೆ. ಡಕೋಟಾ ಹೋಗಿ ಜೆಟ್ ಬಂತು. ಇಂದಿನ ಏರ್‌ಬಸ್ 320 ಮೇಲೆ ಹೋದ ಮೇಲೆ ಗಂಟೆಗೆ 800 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಾರುತ್ತದೆ. ಡಕೋಟಾದ ಮೂರು ಪಟ್ಟು. ಹಾಗಿದ್ದರೆ ಎರಡು ಗಂಟೆಯ ದಾರಿ ನಲವತ್ತು ನಿಮಿಷಕ್ಕೆ ಇಳಿಯಬೇಕಿತ್ತು. ಟಿಕೆಟ್ಟಿನ ಮೇಲೆ ಒಂದೂಕಾಲು ಗಂಟೆ ಎಂದಿರುತ್ತದೆ. ಯಾಕೆ?

ಮೊದಲನೆಯದಾಗಿ, ಟಿಕೆಟ್ಟಿನ ಮೇಲಿರುವುದು ಹಾರಾಟದ ಸಮಯವಲ್ಲ. ವಿಮಾನ ತಾನು ನಿಂತ ಜಾಗ ಬಿಟ್ಟ ಕ್ಷಣದಿಂದ ಆಚೆಯ ನಿಲ್ದಾಣದಲ್ಲಿ ಪೂರ್ತಿ ನಿಲ್ಲುವವರೆಗಿನ ಸಮಯ ಅದು. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲ ಅದರಲ್ಲಿ ಸೇರಿದೆ. ಎರಡನೆಯದಾಗಿ, ಇಷ್ಟು ಹತ್ತಿರದ ದಾರಿಯಲ್ಲಿ ಏರುವುದು ಮತ್ತು ಇಳಿಯುವುದೇ ಪಯಣದ ದೊಡ್ಡ ಪಾಲು. ಪೂರ್ಣ ವೇಗದಲ್ಲಿ ಹಾರುವ ಹೊತ್ತು ಬಹಳ ಕಡಿಮೆ. ಮೂರನೆಯ ಕಾರಣ ನನಗೆ ಬಹಳ ಇಷ್ಟವಾದದ್ದು. ಹೈದರಾಬಾದು ಬಡಗಣ, ಬೆಂಗಳೂರು ತೆಂಕಣ. ಆದರೆ ಎರಡೂ ಕಡೆಯ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ. ಕಾರಣ ಗಾಳಿ. ವಿಮಾನ ಏರಬೇಕಾದರೂ ಇಳಿಯಬೇಕಾದರೂ ಎದುರುಗಾಳಿ ಬೇಕು. ದಖ್ಖನ್ನಿನಲ್ಲಿ ಮಳೆಗಾಲದ ಗಾಳಿ ಪಶ್ಚಿಮದಿಂದ, ಚಳಿಗಾಲದ್ದು ಪೂರ್ವದ ಕಡೆಯಿಂದ. ಹಾಗಾಗಿ ಬೆಂಗಳೂರಿಗೆ ಹೊರಟ ವಿಮಾನ ಮೊದಲು ಪೂರ್ವಕ್ಕೋ ಪಶ್ಚಿಮಕ್ಕೋ ಏರಿ, ಆಮೇಲೆ ದಕ್ಷಿಣಕ್ಕೆ ತಿರುಗಬೇಕು. ಆಚೆ ಮತ್ತೆ ಅಡ್ಡ ತಿರುಗಿ ಇಳಿಯಬೇಕು. ನಕ್ಷೆಯ ಮೇಲಿನ ನೇರ ಗೆರೆಯಲ್ಲಿ ಯಾವ ವಿಮಾನವೂ ಹಾರುವುದಿಲ್ಲ. ಮುಂಗಾರು ನಮ್ಮ ಹೊಲವನ್ನಷ್ಟೇ ಅಲ್ಲ, ರನ್‌ವೇಗಳನ್ನೂ ತನ್ನ ದಿಕ್ಕಿಗೆ ತಿರುಗಿಸಿದೆ.

2008 ಈ ದಾರಿಯ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. ಮಾರ್ಚ್ 23ರಂದು ಶಂಷಾಬಾದಿನ ನಿಲ್ದಾಣ ಕೆಲಸ ಆರಂಭಿಸಿತು, ಮೇ 24ರಂದು ದೇವನಹಳ್ಳಿಯದು. ಬೇಗಂಪೇಟೆ ಮತ್ತು ಎಚ್.ಎ.ಎಲ್. ಎರಡೂ ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿದವು. ಎರಡು ತಿಂಗಳೊಳಗೆ ಎರಡೂ ತುದಿ ಬದಲಾದವು.

ಇಲ್ಲಿ ಒಂದು ವಿಚಿತ್ರ ನಡೆಯಿತು. ಶಂಷಾಬಾದ್ ಇರುವುದು ಹೈದರಾಬಾದಿನ ದಕ್ಷಿಣಕ್ಕೆ, ಬೆಂಗಳೂರು ಹೆದ್ದಾರಿಯ ಮೇಲೆ. ದೇವನಹಳ್ಳಿ ಇರುವುದು ಬೆಂಗಳೂರಿನ ಉತ್ತರಕ್ಕೆ, ಹೈದರಾಬಾದ್ ಹೆದ್ದಾರಿಯ ಮೇಲೆ. ಎರಡೂ ಇಂದಿನ ರಾಷ್ಟ್ರೀಯ ಹೆದ್ದಾರಿ 44ರ ಪಕ್ಕದಲ್ಲಿ, ಒಂದರತ್ತ ಒಂದು ಮುಖ ಮಾಡಿ ಕೂತಿವೆ. ಹಾಗಾಗಿ ನಿಲ್ದಾಣಗಳ ನಡುವಿನ ದೂರ 505 ಕಿ.ಮೀ.ಯಿಂದ 455ಕ್ಕೆ ಇಳಿಯಿತು. ಐವತ್ತು ಕಿ.ಮೀ. ಹತ್ತಿರ! ಜೆಟ್ ವಿಮಾನಕ್ಕೆ ಇದರಿಂದ ಉಳಿಯುವುದು ಸುಮಾರು ನಾಲ್ಕು ನಿಮಿಷ. ಆ ಐವತ್ತು ಕಿ.ಮೀ. ಮಾತ್ರ ಎಲ್ಲಿಗೂ ಹೋಗಲಿಲ್ಲ. ಆಕಾಶದಿಂದ ಇಳಿದು ರಸ್ತೆಗೆ ಬಂತು. ಅದನ್ನು ಈಗ ನಾವು ನೀವು ಕ್ಯಾಬಿನಲ್ಲಿ ಕೂತು ದಾಟುತ್ತಿದ್ದೇವೆ.

ಕೊಂಡಾಪುರದ ಮನೆಯಿಂದ ಜಯನಗರದ ಮನೆಗೆ ಲೆಕ್ಕ ಹಾಕಿ ನೋಡಿ. ಔಟರ್ ರಿಂಗ್ ರೋಡಿನಲ್ಲಿ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ತಪಾಸಣೆಗೆಂದು ಒಂದೂವರೆ ಗಂಟೆ ಮುಂಚೆ. ಹಾರಾಟ ಒಂದೂಕಾಲು. ಇಳಿದು ಚೀಲ ಹಿಡಿದು ಹೊರಬರಲು ಅರ್ಧ ಗಂಟೆ. ಹೆಬ್ಬಾಳ ದಾಟಿ ಜಯನಗರ ಮುಟ್ಟಲು ಒಂದೂವರೆ, ಮಳೆ ಬಂದರೆ ಎರಡು. ಒಟ್ಟು ಐದೂವರೆಯಿಂದ ಆರು ಗಂಟೆ. 500 ಕಿ.ಮೀ.ಗೆ ಆರು ಗಂಟೆ ಎಂದರೆ ಗಂಟೆಗೆ 85 ಕಿ.ಮೀ. ಕೂಡ ಆಗಲಿಲ್ಲ. 1932ರ ವಿನ್ಸೆಂಟರ ಪುಟ್ಟ ವಿಮಾನದ ವೇಗದ ಅರ್ಧದಷ್ಟು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಕಾಚಿಗುಡ–ಯಶವಂತಪುರ ವಂದೇ ಭಾರತ ಎಂಟೂವರೆ ಗಂಟೆ ತೆಗೆದುಕೊಳ್ಳುತ್ತದೆ. ರೈಲಿನ ಪರ ಇರುವವರ ವಾದಕ್ಕೆ ಬಲ ಬರುವುದು ಇಲ್ಲೇ.

ಹಾಗೆಂದು ಹಳೆಯ ಕಾಲವೇ ಚೆಂದವಿತ್ತು ಅನ್ನಲಾರೆ. ಊರ ನಡುವಿನ ಬೇಗಂಪೇಟೆಯಿಂದ ಎರಡು ಗಂಟೆಯಲ್ಲಿ ಬೆಂಗಳೂರು ಮುಟ್ಟುತ್ತಿದ್ದವರು ನವಾಬರು, ದಿವಾನರು, ದೊಡ್ಡ ವ್ಯಾಪಾರಿಗಳು. 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ ಟಿಕೆಟ್ ದರ ಇಳಿಸಿದ ಮೇಲೆಯೇ ಸಂಬಳದ ಜನ, ವಿದ್ಯಾರ್ಥಿಗಳು ವಿಮಾನದ ಮಾತು ಆಡತೊಡಗಿದ್ದು. ಐವತ್ತು ವರ್ಷದ ಅಂತರದಲ್ಲಿ ಎರಡು ಸಂಸ್ಥೆಗಳು ‘ಡೆಕ್ಕನ್’ ಎಂಬ ಹೆಸರಿಟ್ಟುಕೊಂಡವು. ಮೊದಲನೆಯದು ದೊರೆಯದು, ಎರಡನೆಯದು ರೈತನದು. ನಡುವೆ ಏನು ಬದಲಾಯಿತೆಂದು ಆ ಎರಡು ಹೆಸರುಗಳೇ ಹೇಳುತ್ತವೆ.

ಇನ್ನು ಗುತ್ತಿಗೆ ಪತ್ರದ ಮಾತು. ಖಾಸಗಿ ಕಂಪನಿಗಳು ಸಾವಿರಾರು ಕೋಟಿ ಹಾಕಿ ನಿಲ್ದಾಣ ಕಟ್ಟಬೇಕಾದರೆ ಅವಕ್ಕೆ ಭರವಸೆ ಬೇಕಿತ್ತು. 2004ರಲ್ಲಿ ಕೇಂದ್ರ ಸರ್ಕಾರ ಎರಡೂ ನಿಲ್ದಾಣಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತು ಸೇರಿತು: ನಿಲ್ದಾಣ ತೆರೆದ 25 ವರ್ಷದವರೆಗೆ, ಆಕಾಶಮಾರ್ಗದಲ್ಲಿ 150 ಕಿ.ಮೀ. ಒಳಗೆ ಸ್ಪರ್ಧಿ ನಿಲ್ದಾಣ ಬೆಳೆಯಲು ಬಿಡಬಾರದು. ಬೆಂಗಳೂರಿನ ಒಪ್ಪಂದದಲ್ಲಿ ಮೈಸೂರು, ಹಾಸನಕ್ಕೆ ವಿನಾಯಿತಿ ಬರೆದಿದ್ದರು. ಹೈದರಾಬಾದಿನ ಒಪ್ಪಂದ ಬರೆದ ಮೇಜಿನ ಮುಂದೆ ಬೀದರ್ ಪರವಾಗಿ ಯಾರೂ ಕೂತಿರಲಿಲ್ಲ.

ಶಂಷಾಬಾದಿನಿಂದ ಬೀದರ್ ನೇರ ಗೆರೆಯಲ್ಲಿ ಸುಮಾರು 124 ಕಿ.ಮೀ. ವೃತ್ತದ ಒಳಗೆ. ರಾಜ್ಯದ ಗಡಿ ಮನುಷ್ಯರು ಎಳೆದದ್ದು, ಕೈವಾರದ ವೃತ್ತಕ್ಕೆ ಅದು ಕಾಣುವುದಿಲ್ಲ. ಬೇರೆ ರಾಜ್ಯದ, ಬೇರೆ ರಾಜಧಾನಿಯ ಒಂದು ಜಿಲ್ಲಾ ಕೇಂದ್ರ ಹೈದರಾಬಾದಿನ ನಿಲ್ದಾಣದ ಷರತ್ತಿಗೆ ಸಿಕ್ಕಿಕೊಂಡಿತು. ವಾಯುಪಡೆಯ ರನ್‌ವೇ ಮೊದಲೇ ಇತ್ತು, ಪ್ರಯಾಣಿಕರಿಗೆಂದು ಕಟ್ಟಡವೂ ಎದ್ದಿತ್ತು. ಆದರೂ ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡೇ ಇತ್ತು. ಕೊನೆಗೆ 2020ರ ಫೆಬ್ರವರಿ 7ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬೀದರ್‌ಗೆ ಬಂದಿಳಿಯಿತು. ರಾಜಧಾನಿ ದೂರವಾಗಿ ಅರವತ್ಮೂರು ವರ್ಷ ದಾಟಿತ್ತು. ಇನ್ನು ಕಲಬುರಗಿ ನಿಲ್ದಾಣ ಶಂಷಾಬಾದಿನಿಂದ ಸುಮಾರು 156 ಕಿ.ಮೀ., ವೃತ್ತದ ಆಚೆಗೆ ಬರೀ ಆರು ಕಿ.ಮೀ. ಅಲ್ಲಿ 2019ರ ನವೆಂಬರ್ 22ರಂದು ವಿಮಾನಯಾನ ಆರಂಭವಾಗಿತ್ತು.

ಇನ್ನೊಂದು ಕಡೆ ವಾರಂಗಲ್. ಅಲ್ಲಿನ ಮಾಮನೂರು ನಿಲ್ದಾಣ ನಿಜಾಮರ ಕಾಲದ್ದು. ಶಂಷಾಬಾದಿನಿಂದ ಸುಮಾರು 145 ಕಿ.ಮೀ. ಅದೂ ವೃತ್ತದ ಒಳಗೆ. ಅದಕ್ಕೂ ಇದೇ ಷರತ್ತು ಅಡ್ಡ ಬಂದು, ಅದನ್ನು ಸಡಿಲಿಸಿಕೊಂಡ ಮೇಲೆ 2025ರಲ್ಲಿ ಕೇಂದ್ರದ ಅನುಮತಿ ಸಿಕ್ಕಿತು. 1948ರಲ್ಲಿ ಕರಾಚಿಯಿಂದ ರಾತ್ರಿ ಬಂದ ವಿಮಾನಗಳು ಇಳಿದದ್ದು ಬೀದರ್ ಮತ್ತು ವಾರಂಗಲ್ಲಿನಲ್ಲಿ. ಅರವತ್ತು ವರ್ಷದ ಬಳಿಕ ಷರತ್ತಿನ ವೃತ್ತದೊಳಗೆ ಸಿಕ್ಕಿಬಿದ್ದದ್ದೂ ಅವೇ ಎರಡು ಊರು. ಬಂದೂಕು ಇಳಿಯಲು ಯಾರ ಅನುಮತಿಯನ್ನೂ ಕಾಯದ ನೆಲದಲ್ಲಿ ಪ್ರಯಾಣಿಕರು ಇಳಿಯಲು ಇಷ್ಟು ಸಹಿಗಳು ಬೇಕಾದವು.

ವಿಮಾನ ಬಂದದ್ದರಿಂದ ಬೀದರ್‌ನ ದೂರ ಮುಗಿಯಿತೇ? ಪೂರ್ತಿ ಇಲ್ಲ. ಬೀದರ್–ಬೆಂಗಳೂರು ಸೇವೆ ಸಹಾಯಧನದ ಮೇಲೆ ನಿಂತದ್ದು. ಶುರುವಾಗಿದೆ, ನಿಂತಿದೆ, ಮತ್ತೆ ಶುರುವಾಗಿದೆ. ನಿಂತಾಗಲೆಲ್ಲ ನಮ್ಮ ಕಡೆಯವರು ಹೈದರಾಬಾದಿಗೆ ಬಂದು, ಶಂಷಾಬಾದಿನಿಂದ ಹಾರಿ ತಮ್ಮ ರಾಜಧಾನಿ ಸೇರುತ್ತಾರೆ. ಸ್ವಂತ ರಾಜ್ಯದ ಊರಿಂದ ಸ್ವಂತ ರಾಜ್ಯದ ರಾಜಧಾನಿಗೆ ಬೇರೆ ರಾಜ್ಯದ ರಾಜಧಾನಿಯ ಮೇಲೆ ದಾರಿ. ವಾಡಿ ಒಂದು ಕಾಲದಲ್ಲಿ ಹೈದರಾಬಾದಿಗೆ ಬಾಗಿಲಾಗಿತ್ತು, ಈಗ ಹೈದರಾಬಾದು ನಮಗೆ ಬಾಗಿಲು.

ಶಂಷಾಬಾದಿನ ಷರತ್ತಿನ 25 ವರ್ಷ 2033ರ ಮಾರ್ಚಿಗೆ ಮುಗಿಯುತ್ತದೆ, ದೇವನಹಳ್ಳಿಯದು ಅದೇ ಮೇ ತಿಂಗಳಿಗೆ. ಆಗ ಹೊಸ ನಿಲ್ದಾಣಗಳ ಮಾತು, ಹೊಸ ಒಪ್ಪಂದಗಳ ಮಾತು ಬರುತ್ತದೆ. ಬೆಂಗಳೂರಿನ ಎರಡನೆಯ ನಿಲ್ದಾಣ ಎಲ್ಲಿ ಎಂದು ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಬೀದರ್‌ನ ವಿಮಾನ ವಾರಕ್ಕೆ ಎಷ್ಟು ದಿನ ಎಂಬ ಪ್ರಶ್ನೆ ಒಳಪುಟದ ಮೂಲೆಯಲ್ಲಿ ಇರುತ್ತದೆ. ಈ ಊರಿನಲ್ಲಿ ಕೂತು ಎರಡೂ ಕಡೆಯನ್ನು ನೋಡಬಲ್ಲ ನಮ್ಮಂಥವರು ಆ ಮೂಲೆಯ ಸುದ್ದಿಯನ್ನು ಓದಬೇಕು, ಅದರ ಬಗ್ಗೆ ಕೇಳಬೇಕು. ಆ ಹೊಸ ಒಪ್ಪಂದಗಳನ್ನು ಬರೆಯುವಾಗಲಾದರೂ ಬೀದರ್‌ಗೆ ಮೇಜಿನ ಮುಂದೆ ಒಂದು ಕುರ್ಚಿ ಇರಬೇಕು.